ಬೇರೂ ಶಿಲೀಂಧ್ರವೂ: ಚಿಕ್ಕಮಗಳೂರು ಮಲೆಗಳ ಕಾಫಿ ತೋಟಗಳಲ್ಲಿ ಮಿತ್ರಶಿಲೀಂಧ್ರಗಳ ವಿಚಾರ

೧. ವಿಷಯಪ್ರವೇಶ

ಚಿಕ್ಕಮಗಳೂರು, ಮೂಡಿಗೆರೆ, ಕಳಸ ಈ ಸೀಮೆಗಳ ಕಾಫಿ ತೋಟಗಳಲ್ಲಿ ಮುಂಗಾರು ಹಿಡಿಯುವ ಕಾಲಕ್ಕೆ ಎರಡು ಕೆಲಸಗಳು ಬಹುಮಟ್ಟಿಗೆ ಒಟ್ಟೊಟ್ಟಿಗೇ ನಡೆಯುವುವು. ಮೈಲುತುತ್ತವನ್ನೂ ಸುಣ್ಣವನ್ನೂ ಕಲಸಿದ ಬೋರ್ಡೋ ದ್ರಾವಣವನ್ನು ಗಿಡಗಳಿಗೂ ಮೆಣಸಿನ ಬಳ್ಳಿಗಳಿಗೂ ಸಿಂಪಡಿಸುವುದು ಒಂದು. ಅಂಗಡಿಯಿಂದ ತಂದ ಇಲ್ಲವೆ ತೋಟದಲ್ಲಿಯೇ ಬೆಳೆಸಿದ ಶಿಲೀಂಧ್ರದ ಪುಡಿಯನ್ನು ಗೊಬ್ಬರದಲ್ಲಿ ಬೆರೆಸಿ ಬುಡಕ್ಕೆ ಹಾಕುವುದು ಮತ್ತೊಂದು. ಮೊದಲನೆಯದು ಶಿಲೀಂಧ್ರವನ್ನು ಕೊಲ್ಲುವ ಕೆಲಸ. ಎರಡನೆಯದು ಶಿಲೀಂಧ್ರವನ್ನು ಸಾಕುವ ಕೆಲಸ. ಒಬ್ಬನೇ ಕೃಷಿಕನು ಒಂದೇ ತೋಟದಲ್ಲಿ ಒಂದೇ ಹೆಸರಿನ ಜೀವಿಯನ್ನು ಒಂದು ಕೈಯಿಂದ ಕೊಂದು ಇನ್ನೊಂದು ಕೈಯಿಂದ ಸಾಕುತ್ತಿರುವುದು ಮೇಲ್ನೋಟಕ್ಕೆ ವಿರೋಧಾಭಾಸವಾಗಿ ತೋರುವುದು. ಈ ವಿರೋಧವು ವಸ್ತುವಿನಲ್ಲಿ ಇರುವುದೋ, ಶಬ್ದದಲ್ಲಿ ಇರುವುದೋ ಎಂಬುದೇ ಪ್ರಕೃತ ಲೇಖನದ ಜಿಜ್ಞಾಸೆ.

ಇದು ಕೃಷಿಶಾಸ್ತ್ರಜ್ಞರಿಗೆ ಸೇರಿದ ವಿಷಯವೆಂದು ಭಾಷಾಭ್ಯಾಸಿಗಳು ಕೈಬಿಡತಕ್ಕದ್ದಲ್ಲ. ಒಂದು ಭಾಷೆಯಲ್ಲಿ ಶತ್ರುವಿಗೆ ಹತ್ತು ಹೆಸರುಗಳಿದ್ದು ಮಿತ್ರನಿಗೆ ಒಂದೂ ಇಲ್ಲದಿದ್ದರೆ, ಆ ಭಾಷೆಯನ್ನಾಡುವವನು ಶತ್ರುವನ್ನು ಕೊಲ್ಲುವಾಗ ಮಿತ್ರನನ್ನೂ ಕೊಂದಾನು. ಕೊಂದುದು ಅವನಿಗೆ ತಿಳಿಯದೆಯೂ ಹೋದೀತು. ಮಲೆನಾಡಿನ ಮಣ್ಣಿನಲ್ಲಿ ಇಂಥ ಪ್ರಸಂಗವು ಒದಗಿರುವುದರಿಂದ ಶಬ್ದವಿಚಾರವನ್ನು ಮೊದಲು ಮಾಡಿ, ಬಳಿಕ ವಸ್ತುವಿಚಾರಕ್ಕೆ ಹೋಗುವುದು ಯುಕ್ತವಾಗಿದೆ.

೨. ಶಬ್ದವಿಚಾರ

ಕನ್ನಡದಲ್ಲಿ ಈ ಜೀವವರ್ಗಕ್ಕೆ ಅಣಬೆ, ನಾಯಿಕೊಡೆ, ಬೂಷ್ಟು, ಬೂಜು ಮೊದಲಾದ ದೇಶ್ಯಪದಗಳಿವೆ. ಇವುಗಳಲ್ಲಿ ಅಣಬೆಯು ತಿನ್ನುವ ವಸ್ತು. ನಾಯಿಕೊಡೆಯು ತಿನ್ನಬಾರದ ವಸ್ತು. ಬೂಷ್ಟೂ ಬೂಜೂ ಕೆಟ್ಟ ವಸ್ತುವಿನ ಗುರುತುಗಳು. ಇವೆಲ್ಲವೂ ಒಂದೇ ವರ್ಗದವೆಂಬ ತಿಳಿವಳಿಕೆಯು ಲೋಕವ್ಯವಹಾರದಲ್ಲಿ ಇದ್ದಂತೆ ತೋರುವುದಿಲ್ಲ. ಇದು ಕನ್ನಡದೊಂದರ ದೋಷವೇನೂ ಅಲ್ಲ. ಯೂರೋಪಿನ ಭಾಷೆಗಳಲ್ಲಿಯೂ ಸೂಕ್ಷ್ಮದರ್ಶಕವು ಬರುವ ತನಕ ಹೀಗೆಯೇ ಇದ್ದಿತು. ಈಚೆಗೆ ಈ ವರ್ಗವನ್ನೆಲ್ಲ ಸೇರಿಸಿ ಹೇಳುವುದಕ್ಕೆ ಸಂಸ್ಕೃತದಿಂದ 'ಶಿಲೀಂಧ್ರ' ಶಬ್ದವನ್ನು ತೆಗೆದುಕೊಳ್ಳಲಾಗಿದೆ. ಹಿಂದೀ ಭಾಷೆಯವರು ಇದಕ್ಕೆ 'ಕವಕ' ಎಂಬ ಶಬ್ದವನ್ನು ಹಿಡಿದರು.

ಈ ಎರಡು ಶಬ್ದಗಳ ಪೂರ್ವಚರಿತ್ರೆಯು ಗಮನಾರ್ಹವಾದುದು. ಮನುಸ್ಮೃತಿಯ ಐದನೆಯ ಅಧ್ಯಾಯದಲ್ಲಿ ಕವಕವೂ ಛತ್ರಾಕವೂ ಬೆಳ್ಳುಳ್ಳಿ ನೀರುಳ್ಳಿಗಳೊಡನೆ ದ್ವಿಜರಿಗೆ ಅಭಕ್ಷ್ಯವೆಂದು ನಿಷಿದ್ಧವಾಗಿವೆ. ಧರ್ಮಶಾಸ್ತ್ರದ ದೃಷ್ಟಿಯಲ್ಲಿ ಅದು ದೂರವಿಡತಕ್ಕ ವಸ್ತು. ಕಾವ್ಯದೃಷ್ಟಿಯಾದರೋ ಬೇರೆ. ಕಾಳಿದಾಸನ ಮೇಘದೂತದಲ್ಲಿ, ಪೂರ್ವಮೇಘದ ಆದಿಭಾಗದಲ್ಲಿ, ಮೇಘಗರ್ಜನೆಯು ನೆಲದಲ್ಲಿ ಶಿಲೀಂಧ್ರಗಳನ್ನು ಎಬ್ಬಿಸಿ ಭೂಮಿಯ ಬಂಜೆತನವನ್ನು ನೀಗಿಸಲು ಸಮರ್ಥವೆಂಬ ಭಾವವು ಬಂದಿದೆ. ವ್ಯಾಖ್ಯಾನಕಾರನಾದ ಮಲ್ಲಿನಾಥನು ಅಲ್ಲಿ ಶಿಲೀಂಧ್ರಕ್ಕೆ 'ಕಂದಲೀ' ಎಂದು ಅರ್ಥ ಹೇಳಿ, ಅವುಗಳ ಹುಟ್ಟು ಮುಂದೆ ಒದಗುವ ಸಸ್ಯಸಮೃದ್ಧಿಗೆ ಸೂಚಕವೆಂದು ನಿಮಿತ್ತಶಾಸ್ತ್ರದ ಪ್ರಮಾಣವನ್ನೂ ಕೊಡುತ್ತಾನೆ. ಆ ಶಬ್ದವು ಅಣಬೆಯನ್ನು ಹೇಳುವುದೋ ಹೂಬಿಡುವ ಒಂದು ಕಂದವನ್ನು ಹೇಳುವುದೋ ಎಂಬಲ್ಲಿ ಅಭಿಪ್ರಾಯಭೇದಕ್ಕೆ ಅವಕಾಶವಿದೆ. ಸಂಸ್ಕೃತದಲ್ಲಿ ಎರಡರ್ಥವೂ ಉಂಟು. ಅರ್ಥವು ಯಾವುದಾದರೂ ಆಗಲಿ, ಶಿಲೀಂಧ್ರವು ಕೊಳೆತದ ಚಿಹ್ನೆಯಾಗಿರದೆ ಭೂಮಿಯ ಫಲವತ್ತತೆಯ ಚಿಹ್ನೆಯಾಗಿ ಅಲ್ಲಿ ಗ್ರಹಿಸಲ್ಪಟ್ಟಿದೆ ಎಂಬಷ್ಟು ನಿಶ್ಚಿತ.

ಇಷ್ಟರಿಂದ ಪ್ರಾಚೀನರಿಗೆ ಬೇರು ಮತ್ತು ಶಿಲೀಂಧ್ರಗಳ ಸಂಬಂಧವು ತಿಳಿದಿದ್ದಿತೆಂದು ಸಾಧಿಸಹೊರಡುವುದು ಸಾಹಸ. ಸುರಪಾಲನ ವೃಕ್ಷಾಯುರ್ವೇದವಾಗಲಿ, ವರಾಹಮಿಹಿರನ ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯವಾಗಲಿ, ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು ಕ್ರಿ.ಶ. ೧೦೨೫ರಲ್ಲಿ, ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ಲೋಕೋಪಕಾರವಾಗಲಿ ಗೊಬ್ಬರ, ದೋಹದ, ಚಿಕಿತ್ಸೆಗಳನ್ನು ವಿವರವಾಗಿ ಹೇಳುತ್ತವೆಯೇ ಹೊರತು ಈ ಸಂಬಂಧವನ್ನು ಹೇಳುವುದಿಲ್ಲ. ಸೂಕ್ಷ್ಮದರ್ಶಕವಿಲ್ಲದೆ ಅದನ್ನು ಕಾಣುವುದು ಅಶಕ್ಯ. ಇಲ್ಲದುದನ್ನು ಇದ್ದಿತೆಂದು ಹೇಳಿದರೆ ಪೂರ್ವಿಕರ ಗೌರವವೇನೂ ಹೆಚ್ಚುವುದಿಲ್ಲ.

೩. 'ಕೊಳೆರೋಗ' ಶಬ್ದದ ಲೋಕಸಂಚಾರ

ಕನ್ನಡದಲ್ಲಿ ಶತ್ರುಶಿಲೀಂಧ್ರದ ಹೆಸರಿಗೆ ಒಂದು ಅಪೂರ್ವವಾದ ಭಾಗ್ಯವು ಒದಗಿತು. ಮಳೆಗಾಲದಲ್ಲಿ ಕಾಫಿಯ ಎಲೆಗಳು ಕಪ್ಪಾಗಿ ಕೊಳೆತು, ಕೊಂಬೆಯಿಂದ ಕಳಚಿದರೂ ನೆಲಕ್ಕೆ ಬೀಳದೆ ಶಿಲೀಂಧ್ರದ ಎಳೆಗಳಿಂದಲೇ ನೇತಾಡುವ ರೋಗವನ್ನು ಮೈಸೂರು ಸೀಮೆಯ ತೋಟಗಳಲ್ಲಿ ಕೊಳೆರೋಗವೆನ್ನುತ್ತಿದ್ದರು. ಇಂಗ್ಲೆಂಡಿನ ಶಿಲೀಂಧ್ರಶಾಸ್ತ್ರಜ್ಞನಾದ ಎಂ. ಸಿ. ಕುಕ್ ಎಂಬಾತನು ೧೮೭೬ರಲ್ಲಿ ಈ ರೋಗದ ಶಿಲೀಂಧ್ರವನ್ನು ವರ್ಣಿಸುವಾಗ ಅದಕ್ಕೆ 'ಪೆಲ್ಲಿಕ್ಯುಲೇರಿಯ ಕೊಳೆರೋಗ' ಎಂದು ನಾಮಕರಣ ಮಾಡಿದನು. ಲ್ಯಾಟಿನ್ ಗ್ರೀಕ್ ಶಬ್ದಗಳೇ ತುಂಬಿರುವ ವೈಜ್ಞಾನಿಕ ನಾಮಾವಳಿಯಲ್ಲಿ ಅಚ್ಚ ಮಲೆನಾಡಿನ ಆಡುಮಾತು ಹೀಗೆ ಸೇರಿತು. ೧೯೫೮ರಲ್ಲಿ ಡಾಂಕ್ ಎಂಬ ವಿದ್ವಾಂಸನು 'ಕೊಳೆರೋಗ' ಎಂಬುದನ್ನು ಜಾತಿವಾಚಕವನ್ನಾಗಿಯೇ ಮಾಡಿದನು. ತರುವಾಯದ ವರ್ಗೀಕರಣದಲ್ಲಿ ಹೆಸರು ಬದಲಾಗಿದ್ದರೂ ಹಳೆಯ ಗ್ರಂಥಗಳಲ್ಲಿ ಕನ್ನಡ ಶಬ್ದವು ಉಳಿದಿದೆ.

ಅದೇ ಶಬ್ದವು ಅಡಕೆಯ ಕಾಯಿಕೊಳೆತಕ್ಕೂ ಸಲ್ಲುತ್ತದೆ. ೧೯೦೮ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದು, ಮುಂದೆ ಕೃಷಿ ಇಲಾಖೆಯ ನಿರ್ದೇಶಕನಾದ ಕೆನಡಾ ದೇಶದ ಲೆಸ್ಲಿ ಕೋಲ್ಮನ್ನನು ೧೯೧೦ರಲ್ಲಿ ಅಡಕೆಯ ಕೊಳೆರೋಗದ ಕುರಿತು ಪ್ರಬಂಧವನ್ನು ಪ್ರಕಟಿಸಿದನು. ಗೊನೆಗಳಿಗೆ ಕೊಟ್ಟೆ ಕಟ್ಟುವ ಹಳೆಯ ಪದ್ಧತಿಯ ಜೊತೆಗೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಪದ್ಧತಿಯು ಮಲೆನಾಡಿನಲ್ಲಿ ಬೇರೂರಿದುದು ಆತನ ಕಾಲದಿಂದ. ಬಾಳೆಹೊನ್ನೂರಿನ ಬಳಿ ೧೯೨೫ರಲ್ಲಿ ಸ್ಥಾಪಿತವಾದ ಕಾಫಿ ಪ್ರಯೋಗಕೇಂದ್ರಕ್ಕೂ ಆತನೇ ಪ್ರೇರಕನು. ಅದೇ ಇಂದಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆ.

ಇಲ್ಲಿ ಒಂದು ಕಾಲಸಾಮ್ಯವು ಹೇಳತಕ್ಕದ್ದಾಗಿದೆ. ಫ್ರಾನ್ಸ್ ದೇಶದ ಮಿಲ್ಲಾರ್ಡೆ ಎಂಬಾತನು ಬೋರ್ಡೋ ದ್ರಾವಣವನ್ನು ಲೋಕಕ್ಕೆ ತಿಳಿಸಿದುದು ೧೮೮೫ರಲ್ಲಿ. ಬರ್ಲಿನ್ನಿನ ಆಲ್ಬರ್ಟ್ ಫ್ರಾಂಕ್ ಎಂಬಾತನು, ಕಾಡುಮರಗಳ ಬೇರಿಗೆ ಶಿಲೀಂಧ್ರವು ಹಾನಿಮಾಡದೆ ಆಹಾರವನ್ನು ಒದಗಿಸುವುದೆಂದು ಹೇಳಿ, ಆ ಜೋಡಣೆಗೆ 'ಮೈಕೋರೈಜ' ಎಂಬ ಹೆಸರಿಟ್ಟುದೂ ೧೮೮೫ರಲ್ಲಿಯೇ. ಶಿಲೀಂಧ್ರವನ್ನು ಕೊಲ್ಲುವ ವಿದ್ಯೆಯೂ ಅದರ ಮೈತ್ರಿಯನ್ನು ತಿಳಿಯುವ ವಿದ್ಯೆಯೂ ಅವಳಿಗಳಂತೆ ಹುಟ್ಟಿದುವು. ಮೊದಲನೆಯದು ಇಪ್ಪತ್ತೈದು ವರ್ಷಗಳಲ್ಲಿ ಮಲೆನಾಡಿನ ಅಡಕೆಯ ಮರವನ್ನು ಏರಿತು. ಎರಡನೆಯದು ಕಾಫಿಯ ಬುಡಕ್ಕೆ ಬರಲು ನೂರು ವರ್ಷಗಳೇ ಹಿಡಿದುವು.

೪. ಬೇರಿನ ನಂಟು

ಫ್ರಾಂಕನ ಸಂಶೋಧನೆಗೆ ನಿಮಿತ್ತವಾದುದು ಒಂದು ರುಚಿಯ ವಿಷಯ. ನೆಲದೊಳಗೆ ಬೆಳೆಯುವ ಟ್ರಫಲ್ ಎಂಬ ಬೆಲೆಯುಳ್ಳ ಅಣಬೆಯನ್ನು ಕೃಷಿಮಾಡಲು ಸಾಧ್ಯವೋ ನೋಡೆಂದು ಪ್ರಷ್ಯ ಸರ್ಕಾರವು ಅವನಿಗೆ ಒಪ್ಪಿಸಿತ್ತು. ಅಣಬೆಯನ್ನು ಹುಡುಕಹೋದವನು ಮರದ ಬೇರಿನ ತುದಿಗಳೆಲ್ಲ ಶಿಲೀಂಧ್ರದ ಹೊದಿಕೆಯಿಂದ ಮುಚ್ಚಿರುವುದನ್ನು ಕಂಡನು. ಗ್ರೀಕ್ ಭಾಷೆಯಲ್ಲಿ 'ಮೈಕೀಸ್' ಎಂದರೆ ಅಣಬೆ, 'ರೈಜ' ಎಂದರೆ ಬೇರು.

ಈ ನಂಟಿನಲ್ಲಿ ಮುಖ್ಯವಾಗಿ ಎರಡು ವಿಧಗಳು. ಮೊದಲನೆಯದರಲ್ಲಿ ಶಿಲೀಂಧ್ರವು ಬೇರಿನ ಹೊರಗೆ ಒರೆಯಂತೆ ಸುತ್ತಿಕೊಂಡು ಜೀವಕೋಶಗಳ ನಡುನಡುವೆ ಮಾತ್ರ ಸುಳಿಯುವುದು. ಫ್ರಾಂಕನು ಕಂಡುದು ಇದನ್ನು. ಪಶ್ಚಿಮಘಟ್ಟಗಳ ಬೋಗಿಯೇ ಮೊದಲಾದ ಮರಗಳಲ್ಲಿ ಇದುಂಟು. ಮಳೆಯ ಆರಂಭದಲ್ಲಿ ನೆಲದಿಂದ ಹೆಕ್ಕಿ ತಿನ್ನುವ ಕಲ್ಲಣಬೆಯು ಇಂಥ ಮರಗಳ ಬೇರಿನ ನಂಟನೇ. ಎರಡನೆಯ ವಿಧದಲ್ಲಿ ಶಿಲೀಂಧ್ರದ ಎಳೆಯು ಬೇರಿನ ಜೀವಕೋಶದೊಳಗೇ ಪ್ರವೇಶಿಸಿ, ಅಲ್ಲಿ ಕವಲೊಡೆದು ಕವಲೊಡೆದು ಒಂದು ಸಣ್ಣ ಮರದ ಆಕಾರವನ್ನು ತಾಳುವುದು. ಲ್ಯಾಟಿನ್ನಿನಲ್ಲಿ ಪುಟ್ಟ ಮರಕ್ಕೆ ಇರುವ 'ಆರ್ಬಸ್ಕ್ಯುಲ' ಶಬ್ದದಿಂದ ಇದಕ್ಕೆ ಹೆಸರು ಬಂದಿದೆ. ಸಂಸ್ಕೃತದಲ್ಲಿ ಅಲ್ಪಾರ್ಥದ ಕ-ಪ್ರತ್ಯಯವನ್ನು ಹಚ್ಚಿ 'ವೃಕ್ಷಕ' ಎನ್ನಬಹುದು. ಕಾಫಿ, ಮೆಣಸು, ಏಲಕ್ಕಿ, ಅಡಕೆ, ಕಿತ್ತಳೆ ಇವೆಲ್ಲವೂ ವೃಕ್ಷಕದ ನಂಟಿನವು. ಭೂಮಿಯ ನಾಳಸಸ್ಯಗಳಲ್ಲಿ ಸುಮಾರು ಮುಕ್ಕಾಲು ಪಾಲು ಈ ಪಂಗಡಕ್ಕೆ ಸೇರಿವೆ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿಯ ಸುಮಾರು ೪೦ ಕೋಟಿ ವರ್ಷಗಳ ಹಿಂದಿನ ಶಿಲೆಯಲ್ಲಿ ಬೇರೇ ಇಲ್ಲದ ಆದಿಸಸ್ಯಗಳ ಒಳಗೂ ವೃಕ್ಷಕಗಳು ಕಂಡುಬಂದಿವೆ. ಆದುದರಿಂದ ಬೇರಿಗಿಂತ ಬೇರಿನ ನಂಟೇ ಪ್ರಾಚೀನವೆನ್ನಬಹುದು.

ಈ ನಂಟಿನ ವ್ಯವಹಾರವು ಕೊಡುಕೊಳೆಯ ರೂಪದ್ದು. ಸಸ್ಯಕ್ಕೆ ಅವಶ್ಯವಾದ ರಂಜಕವು ಮಣ್ಣಿನಲ್ಲಿ ನೀರಿನೊಡನೆ ಸುಲಭವಾಗಿ ಹರಿಯತಕ್ಕದ್ದಲ್ಲ. ಮಲೆನಾಡಿನ ಹುಳಿಗುಣದ ಕೆಮ್ಮಣ್ಣಿನಲ್ಲಿ ಅದು ಕಬ್ಬಿಣ ಮತ್ತು ಅಲ್ಯುಮಿನಿಯಂಗಳೊಡನೆ ಬಿಗಿದುಕೊಂಡಿರುವುದು. ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರು ಅಂತರದಲ್ಲಿರುವ ರಂಜಕವನ್ನು ಹೀರಿ ಮುಗಿಸಿದ ಮೇಲೆ, ಮುಂದಿನ ಮಣ್ಣಿನಲ್ಲಿ ಎಷ್ಟಿದ್ದರೂ ಅದು ಇಲ್ಲದ ಹಾಗೆಯೇ. ಶಿಲೀಂಧ್ರದ ಎಳೆಯು ಬೇರಿನ ರೋಮಕ್ಕಿಂತಲೂ ಸಪುರವಾದುದು. ಬೇರು ನುಗ್ಗಲಾರದ ಸಂದುಗಳಲ್ಲಿ ನುಗ್ಗಿ, ಹಲವು ಸೆಂಟಿಮೀಟರು ದೂರದಿಂದ ರಂಜಕವನ್ನೂ ಸತು ಮೊದಲಾದ ಲೋಹಾಂಶಗಳನ್ನೂ ತಂದು ವೃಕ್ಷಕದಲ್ಲಿ ಬೇರಿಗೆ ಒಪ್ಪಿಸುವುದು. ಇದಕ್ಕೆ ಪ್ರತಿಯಾಗಿ ಗಿಡವು ಎಲೆಯಲ್ಲಿ ಮಾಡಿದ ಸಕ್ಕರೆಯನ್ನೂ ಕೊಬ್ಬನ್ನೂ ಅದಕ್ಕೆ ಉಣಿಸುವುದು. ವೃಕ್ಷಕದ ಆಯುಸ್ಸು ಕೆಲವೇ ದಿನಗಳು. ಒಂದು ಕರಗಿದರೆ ಮತ್ತೊಂದು ಹುಟ್ಟುವುದು. ರಂಜಕವು ಧಾರಾಳವಾಗಿ ಸಿಕ್ಕುವ ಮಣ್ಣಿನಲ್ಲಿ ಗಿಡವು ತಾನಾಗಿಯೇ ಈ ನಂಟನ್ನು ಸಡಿಲಿಸುವುದು. ಕೂಲಿಯವನ ಕೆಲಸ ಬೇಡವಾದಾಗ ಕೂಲಿ ಕೊಡುವವರು ಯಾರು? ರಾಸಾಯನಿಕ ರಂಜಕವನ್ನು ಮಿತಿಮೀರಿ ಸುರಿದ ತೋಟದಲ್ಲಿ ಶಿಲೀಂಧ್ರವು ಕ್ಷೀಣಿಸಲು ಇದೇ ಕಾರಣ.

ಎಲ್ಲ ಸಸ್ಯಗಳಿಗೂ ಈ ನಂಟು ಇಲ್ಲ. ಸಾಸಿವೆ, ಕೋಸು ಇವುಗಳ ಕುಲಕ್ಕೆ ಸಾಮಾನ್ಯವಾಗಿ ಇಲ್ಲ. ಭಂಗಿಯ ಗಿಡಕ್ಕೆ ಉಂಟು. ಅಥರ್ವವೇದದಲ್ಲಿ ಹೆಸರು ಬಂದಿರುವ, ಪಾಣಿನಿಯು ಎಳ್ಳು ಉದ್ದುಗಳ ಸಾಲಿನಲ್ಲಿ ಸೇರಿಸಿ ಅದನ್ನು ಬೆಳೆಯುವ ಹೊಲಕ್ಕೆ ಶಬ್ದರೂಪವನ್ನು ಸಾಧಿಸಿಕೊಟ್ಟಿರುವ 'ಭಂಗಾ' ಇದೇ. ಅದನ್ನು ಶಾಸನಸಮ್ಮತವಾಗಿ ಬೆಳೆಯುವ ಹೊರದೇಶಗಳಲ್ಲಿ ಬೇರಿನ ಶಿಲೀಂಧ್ರಗಳ ಬಳಕೆಯು ಈಚೆಗೆ ಹೆಚ್ಚಿದೆ. ಭಾರತದಲ್ಲಿ ೧೯೮೫ರ ಮಾದಕವಸ್ತು ಶಾಸನದಂತೆ ಅನುಜ್ಞೆಯಿಲ್ಲದೆ ಅದರ ಕೃಷಿಯು ನಿಷಿದ್ಧವಾದುದರಿಂದ, ಈ ವಿದ್ಯೆಯ ಪ್ರಯೋಗಭೂಮಿಯನ್ನು ಕಾಫಿ ಮೆಣಸುಗಳ ತೋಟದಲ್ಲಿ ನೋಡತಕ್ಕದ್ದು.

೫. ಕಾಫಿಯ ಸಸಿಮಡಿಯಲ್ಲಿ

ಬಾಬಾಬುಡನ್‌ಗಿರಿಗೆ ಹದಿನೇಳನೆಯ ಶತಮಾನದಲ್ಲಿ ಏಳು ಬೀಜಗಳು ಬಂದುವೆಂಬ ಐತಿಹ್ಯವು ಸರ್ವವಿದಿತ. ಬೀಜಗಳು ದೂರದೇಶದಿಂದ ಬಂದುವು. ಅವುಗಳ ಬೇರಿಗೆ ಒದಗಿದ ಶಿಲೀಂಧ್ರಗಳಾದರೋ ಚಂದ್ರದ್ರೋಣಪರ್ವತದ ಕಾಡಿನವು. ವೃಕ್ಷಕದ ಶಿಲೀಂಧ್ರಗಳು ಗಿಡವನ್ನು ಆರಿಸುವುದರಲ್ಲಿ ಅಷ್ಟೇನೂ ಕಟ್ಟುನಿಟ್ಟಲ್ಲ; ಪರದೇಶದ ಗಿಡವನ್ನೂ ನೆಂಟನನ್ನಾಗಿ ಸ್ವೀಕರಿಸುವುವು. ಕಾಡಿನ ನೆರಳಿನಲ್ಲಿ ಕಾಫಿಯು ನೆಲೆಗೊಂಡುದಕ್ಕೆ ಈ ಆತಿಥ್ಯವೂ ಒಂದು ಕಾರಣವೆಂದು ತಿಳಿಯಬಹುದು.

ತೋಟಗಾರರು ಇದನ್ನು ಅರಿಯದೆಯೇ ಆಚರಿಸಿಕೊಂಡು ಬಂದಿರುವರು. ಡಿಸೆಂಬರು ಜನವರಿಗಳಲ್ಲಿ ಮಡಿಯಲ್ಲಿ ಬಿತ್ತಿದ ಬೀಜವು ಮೊಳೆತು ಮೇಲೆದ್ದಾಗ, ಇನ್ನೂ ಸಿಪ್ಪೆಯನ್ನು ತಲೆಯ ಮೇಲೆ ಹೊತ್ತಿರುವ ಟೊಪ್ಪಿಯ ಹಂತದಲ್ಲಿಯೇ, ಸಸಿಯನ್ನು ಕಿತ್ತು ಬುಟ್ಟಿಗೆ ನೆಡುವರು. ಈಗ ಬುಟ್ಟಿಯೆಂದರೆ ಪ್ಲಾಸ್ಟಿಕ್ಕಿನ ಚೀಲವಾದರೂ ಹೆಸರು ಹಳೆಯದೇ. ಅದರಲ್ಲಿ ತುಂಬುವ ಮಿಶ್ರಣವು ಆರು ಪಾಲು ಕಾಡುಮಣ್ಣು, ಎರಡು ಪಾಲು ಕೊಟ್ಟಿಗೆಗೊಬ್ಬರ, ಒಂದು ಪಾಲು ಮರಳು. ಈ ಆರು ಪಾಲು ಕಾಡುಮಣ್ಣಿನಲ್ಲಿ ಮರದ ಬೇರಿನ ತುಣುಕುಗಳೂ ಶಿಲೀಂಧ್ರದ ಬೀಜಾಣುಗಳೂ ಸೇರಿಯೇ ಬರುವುವು. ಹೆಪ್ಪುಹಾಕಿದ ಮೊಸರಿನಂತೆ ಕಾಡುಮಣ್ಣು ಬುಟ್ಟಿಯ ಮಣ್ಣಿಗೆ ಹೆಪ್ಪಾಗುವುದು.

ವೃಕ್ಷಕದ ಶಿಲೀಂಧ್ರವನ್ನು ಪ್ರತ್ಯೇಕವಾಗಿ ಬೆಳೆಸಿ ಕೊಡುವ ವಿದ್ಯೆಯು ಇಂಗ್ಲೆಂಡಿನಲ್ಲಿ ಬಾರ್ಬರಾ ಮಾಸ್ ಮೊದಲಾದವರು ೧೯೫೦ರ ಅನಂತರ ನಡೆಸಿದ ಸಂಶೋಧನೆಗಳಿಂದ ಬೆಳೆಯಿತು. ಕರ್ಣಾಟಕದಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಸೂಕ್ಷ್ಮಜೀವಿಶಾಸ್ತ್ರಜ್ಞರಾದ ಡಿ. ಜೆ. ಬಾಗ್ಯರಾಜ್ ಅವರೂ ಅವರ ಶಿಷ್ಯವರ್ಗವೂ ಇದರಲ್ಲಿ ದೀರ್ಘಕಾಲ ದುಡಿದು, ಯಾವ ಸಸ್ಯಕ್ಕೆ ಯಾವ ಶಿಲೀಂಧ್ರವು ಹೆಚ್ಚು ಉಪಕಾರಿ ಎಂಬುದನ್ನು ಒಂದೊಂದಾಗಿ ಪರೀಕ್ಷಿಸಿದರು. ಈ ಶಿಲೀಂಧ್ರಕ್ಕೆ ಒಂದು ವೈಶಿಷ್ಟ್ಯವಿದೆ: ಜೀವಂತವಾದ ಬೇರಿಲ್ಲದೆ ಅದು ತನ್ನ ಜೀವನಚಕ್ರವನ್ನು ಮುಗಿಸಲಾರದು. ಆದುದರಿಂದ ಜೋಳ, ರಾಗಿ ಮುಂತಾದ ಗಿಡಗಳ ಬೇರಿನಲ್ಲಿ ಅದನ್ನು ಬೆಳೆಸಿ, ಬೇರುಸಹಿತವಾದ ಆ ಮಣ್ಣನ್ನೇ ಹೆಪ್ಪಾಗಿ ಕೊಡುವುದು ರೂಢಿಯಲ್ಲಿದೆ. ಪೊಟ್ಟಣದಲ್ಲಿ ಮಾರುವ ಪುಡಿಯು ಎಷ್ಟು ಕಾಲ ಸಜೀವವಾಗಿರುವುದು ಎಂಬುದು ಅದನ್ನು ತಯಾರಿಸಿದ ಮತ್ತು ಕಾಪಾಡಿದ ಬಗೆಯನ್ನು ಅವಲಂಬಿಸಿದೆ. ಬಿಸಿಲಿಗೆ ಬಿದ್ದ ಪೊಟ್ಟಣವು ಬರಿಯ ಮಣ್ಣು.

೬. ಮೆಣಸಿನ ಬಳ್ಳಿಯ ಬುಡದಲ್ಲಿ

ಕಾಫಿ ತೋಟದ ನೆರಳುಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿಯು ಮಳೆಗಾಲದಲ್ಲಿ ಹಠಾತ್ತಾಗಿ ಎಲೆಯುದುರಿ ಸಾಯುವುದನ್ನು ಶೀಘ್ರ ಸೊರಗು ರೋಗವೆನ್ನುವರು. ಇದಕ್ಕೆ ಕಾರಣವಾದ ಫೈಟಾಫ್ತೊರ ಎಂಬ ಜೀವಿಯ ಬಂಧುವೇ ಅಡಕೆಯ ಕೊಳೆರೋಗಕ್ಕೂ ಕಾರಣ. ಇವುಗಳನ್ನು ಶಿಲೀಂಧ್ರಗಳೆಂದೇ ಹಿಂದೆ ಎಣಿಸುತ್ತಿದ್ದರು. ನೀರಿನಲ್ಲಿ ಈಜುವ ಬೀಜಾಣುಗಳುಳ್ಳ ಇವು ಪಾಚಿಗಳ ದೂರದ ಜ್ಞಾತಿಗಳೆಂದೂ ನಿಜವಾದ ಶಿಲೀಂಧ್ರಗಳಲ್ಲವೆಂದೂ ಈಗ ಸ್ಥಿರಪಟ್ಟಿದೆ. ಕನ್ನಡಿಗರು ಶತಮಾನಕಾಲ ಶಿಲೀಂಧ್ರದ ಮೇಲೆ ಹೊರಿಸಿದ ಅಪರಾಧಗಳಲ್ಲಿ ಬಲು ದೊಡ್ಡದೊಂದು ಹೀಗೆ ಬೇರೆಯವರದೆಂದಾಯಿತು.

ಈ ರೋಗಕ್ಕೆ ಪ್ರತಿಯಾಗಿ ಬಳಸುವ ಮಿತ್ರಶಿಲೀಂಧ್ರವು ಟ್ರೈಕೋಡರ್ಮ. ೧೭೯೪ರಲ್ಲಿ ಪರ್ಸೂನ್ ಎಂಬಾತನು ಕೊಟ್ಟ ಈ ಹೆಸರಿಗೆ 'ರೋಮಚರ್ಮ'ವೆಂದು ಶಬ್ದಾರ್ಥ. ಇದು ಬೇರೆ ಶಿಲೀಂಧ್ರಗಳನ್ನು ಸುತ್ತಿ ತಿನ್ನುವುದೆಂದು ೧೯೩೨ರಲ್ಲಿ ವೈಂಡ್ಲಿಂಗ್ ಎಂಬಾತನು ತೋರಿಸಿಕೊಟ್ಟನು. ವೃಕ್ಷಕದ ಶಿಲೀಂಧ್ರವು ನೆಂಟನಾದರೆ ಇದು ಕಾವಲುಗಾರನು. ಇದಕ್ಕೆ ಜೀವಂತ ಬೇರು ಬೇಡ. ಕೊಳೆತ ಕಾಫಿಸಿಪ್ಪೆ, ಬೇವಿನಹಿಂಡಿ, ಕಳಿತ ಕೊಟ್ಟಿಗೆಗೊಬ್ಬರ ಇವುಗಳಲ್ಲಿ ಸಲೀಸಾಗಿ ಬೆಳೆಯುವುದು. ಇಂಥ ಗೊಬ್ಬರದಲ್ಲಿ ಬೆಳೆಸಿದುದನ್ನು ಬಳ್ಳಿಯ ಬುಡಕ್ಕೆ ಮೇ ಜೂನುಗಳಲ್ಲಿ ಕೆಲವು ಮಳೆ ಬಿದ್ದ ಮೇಲೆ ಒಂದು ಸಲ, ಆಗಸ್ಟು ಸೆಪ್ಟೆಂಬರುಗಳಲ್ಲಿ ಇನ್ನೊಂದು ಸಲ ಹಾಕುವುದು ಸಂಬಾರ ಬೆಳೆಗಳ ಸಂಶೋಧಕರು ಹೇಳಿಕೊಟ್ಟಿರುವ ಕ್ರಮ. ಕಾಫಿಯ ಹಣ್ಣನ್ನು ಸುಲಿದಾಗ ರಾಶಿಬೀಳುವ ಸಿಪ್ಪೆಯು ಹಳ್ಳವನ್ನು ಕೆಡಿಸದೆ ಮೆಣಸಿನ ಕಾವಲಿಗೆ ಒದಗುವುದು ಈ ಕ್ರಮದ ಒಂದು ಗುಣ.

ಇಲ್ಲಿಯೇ ಮೊದಲು ಹೇಳಿದ ವಿರೋಧವು ಎದುರಾಗುವುದು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು ಇವು ಸೇರಿ ಶೇಕಡಾ ಒಂದರ ಬೋರ್ಡೋ ದ್ರಾವಣ. ಎಲೆಯ ಮೇಲೆ ಅದು ಉಪಕಾರಿ. ಅದೇ ತಾಮ್ರವು ಬುಡಕ್ಕೆ ಇಳಿದರೆ ಅಲ್ಲಿ ಹಾಕಿದ ಕಾವಲುಗಾರನಿಗೂ ಅಲ್ಲಿರುವ ನೆಂಟನಿಗೂ ಅಪಕಾರಿ. ತಾಮ್ರವು ಕೊಳೆತು ಹೋಗುವ ವಸ್ತುವಲ್ಲ. ವರ್ಷ ವರ್ಷವೂ ಸಿಂಪಡಿಸಿದುದು ಮೇಲ್ಮಣ್ಣಿನಲ್ಲಿ ಸಂಚಯವಾಗುವುದು. ಆದುದರಿಂದ ಸಿಂಪಡಣೆಯನ್ನು ಎಲೆ ಕಾಂಡಗಳ ಮಟ್ಟಿಗೆ ನಿಲ್ಲಿಸಿ, ಶಿಲೀಂಧ್ರವನ್ನು ಬೇರೆ ದಿನದಲ್ಲಿ, ನಡುವೆ ಅಂತರವನ್ನು ಬಿಟ್ಟು ಹಾಕತಕ್ಕದ್ದು.

೭. ದೇಶಭೇದದಿಂದ ಮಿತ್ರತ್ವವೂ ಶತ್ರುತ್ವವೂ

ಮಿತ್ರ, ಶತ್ರು ಎಂಬ ವಿಭಾಗವು ವಸ್ತುವಿನ ಸ್ವಭಾವದಲ್ಲಿಯೇ ಇರುವುದೆಂದು ಭಾವಿಸಲಾಗದು. ಬ್ಯೂವೇರಿಯ ಎಂಬ ಶಿಲೀಂಧ್ರವೇ ಇದಕ್ಕೆ ನಿದರ್ಶನ. ಇಟಲಿಯ ಬಾಸ್ಸಿ ಎಂಬಾತನು ೧೮೩೫ರಲ್ಲಿ, ರೇಷ್ಮೆಹುಳುಗಳು ಸುಣ್ಣದ ಕಡ್ಡಿಯಂತೆ ಬೆಳ್ಳಗೆ ಸೆಟೆದು ಸಾಯುವ ರೋಗಕ್ಕೆ ಒಂದು ಶಿಲೀಂಧ್ರವೇ ಕಾರಣವೆಂದು ಪ್ರಕಟಿಸಿದನು. ಅವನ ಹೆಸರೇ ಆ ಶಿಲೀಂಧ್ರಕ್ಕೆ ಅಂಟಿಕೊಂಡಿತು. ಕರ್ಣಾಟಕದ ರೇಷ್ಮೆಯ ಸೀಮೆಯಲ್ಲಿ ಇದೇ ಸುಣ್ಣಕಟ್ಟು ರೋಗ. ೧೯೯೦ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಭಾರತಕ್ಕೆ ಮೊದಲಬಾರಿ ಕಾಣಿಸಿಕೊಂಡ ಕಾಫಿಯ ಕಾಯಿಕೊರಕವನ್ನು ಅಡಗಿಸಲು ಕಾಫಿಯ ಸೀಮೆಯಲ್ಲಿ ಸಿಂಪಡಿಸುವುದೂ ಇದೇ ಶಿಲೀಂಧ್ರವನ್ನು. ಮಳೆಯಿಂದ ತಂಪಾದ ನೆರಳುತೋಟದಲ್ಲಿ ಮಿತ್ರನಾದುದು ಹುಳುಮನೆಯಲ್ಲಿ ಮೃತ್ಯು. ಒಂದೇ ಭಾಷೆಯ ಎರಡು ಜಿಲ್ಲೆಗಳಲ್ಲಿ ಒಂದೇ ಜೀವಿಯು ಎರಡು ಹೆಸರುಗಳಿಂದ ವ್ಯವಹೃತವಾಗುತ್ತಿರುವುದನ್ನು ತಿಳಿಯದವನು ಒಂದು ಸೀಮೆಯ ಔಷಧವನ್ನು ಮತ್ತೊಂದು ಸೀಮೆಗೆ ಕೊಂಡೊಯ್ದರೆ ಅನರ್ಥವಾಗುವುದು.

೮. ಪೂರ್ವಪಕ್ಷವೂ ಸಿದ್ಧಾಂತವೂ

ಇಷ್ಟು ಉಪಕಾರಿಯಾದ ಮೇಲೆ ಪ್ರತಿಯೊಬ್ಬ ತೋಟಗಾರನೂ ಬೇರಿನ ಶಿಲೀಂಧ್ರವನ್ನು ಕೊಂಡು ಹಾಕತಕ್ಕದ್ದೆಂಬುದು ಒಂದು ಪಕ್ಷ. ಮಲೆನಾಡಿನ ಮಣ್ಣಿನಲ್ಲಿ ಅದು ಹೇಗೂ ಇರುವುದರಿಂದ ಕೊಳ್ಳುವುದು ವ್ಯರ್ಥವೆಂಬುದು ಇನ್ನೊಂದು ಪಕ್ಷ. ಎರಡೂ ಏಕಾಂತವಾದಗಳು.

ಸಿದ್ಧಾಂತವು ಹೀಗೆ ಏರ್ಪಡುವುದು. ಎಲ್ಲಿ ಶಿಲೀಂಧ್ರವು ನಷ್ಟವಾಗಿದೆಯೋ ಅಲ್ಲಿ ಹೆಪ್ಪು ಸಾರ್ಥಕ. ಕಾಯಿಸಿ ಶುದ್ಧಿಮಾಡಿದ ಮಣ್ಣನ್ನು ತುಂಬಿದ ಬುಟ್ಟಿ, ಕಾಡುಮಣ್ಣು ಸಿಕ್ಕದೆ ಅಡಿಮಣ್ಣನ್ನು ತುಂಬಿದ ಬುಟ್ಟಿ, ಇವುಗಳಲ್ಲಿ ಹೆಪ್ಪನ್ನು ಬೇರಿಗೆ ತಾಗುವಂತೆ ಟೊಪ್ಪಿಯ ಹಂತದಲ್ಲಿ ಹಾಕಿದರೆ ಸಸಿಯು ಎತ್ತರವಾಗಿ ದಪ್ಪವಾಗಿ ಬೆಳೆಯುವುದು ಪ್ರಯೋಗಸಿದ್ಧ. ೨೦೧೯ರ ಆಗಸ್ಟು ತಿಂಗಳ ಅತಿವೃಷ್ಟಿಯಲ್ಲಿ ಮೂಡಿಗೆರೆ ಕಳಸಗಳ ಕಡೆಯ ಅನೇಕ ಇಳಿಜಾರುಗಳು ತೋಟಸಹಿತ ಕುಸಿದುವು. ಹಾಗೆ ಮೇಲ್ಮಣ್ಣೆಲ್ಲ ಕೊಚ್ಚಿಹೋಗಿ ಅಡಿಯ ಕೆಮ್ಮಣ್ಣು ಬಯಲಾದ ಸ್ಥಳದಲ್ಲಿ ಬೀಜಾಣುಗಳು ಅತ್ಯಲ್ಪ. ಅಲ್ಲಿ ಬುಟ್ಟಿಯಲ್ಲಿಯೇ ನಂಟನ್ನು ಕಟ್ಟಿಕೊಂಡ ಸಸಿಯನ್ನು ನೆಡುವುದು ಬರಿಯ ಸಸಿಯನ್ನು ನೆಡುವುದಕ್ಕಿಂತ ಶ್ರೇಯಸ್ಕರ.

ಎಲ್ಲಿ ಹಳೆಯ ನೆರಳುಮರಗಳೂ ಎಲೆಗೊಬ್ಬರವೂ ಇವೆಯೋ ಅಲ್ಲಿ ಹೆಪ್ಪನ್ನು ಕೊಳ್ಳುವುದಕ್ಕಿಂತ ಇದ್ದುದನ್ನು ಕೆಡಿಸದಿರುವುದು ಮುಖ್ಯ. ಕೆಡಿಸುವ ಬಗೆಗಳು ಹಲವು. ರಂಜಕವನ್ನು ಅತಿಯಾಗಿ ಸುರಿಯುವುದು. ಮಣ್ಣಿಗೆ ತಾಮ್ರವನ್ನು ಇಳಿಸುವುದು. ಮತ್ತೆ ಮತ್ತೆ ಆಳವಾದ ಅಗತೆ ಮಾಡಿ ಎಳೆಗಳ ಜಾಲವನ್ನು ಹರಿಯುವುದು. ನೆಲದ ಮೇಲೆ ಒಂದು ಹುಲ್ಲೂ ಉಳಿಯದಂತೆ ಕಳೆನಾಶಕವನ್ನು ಹೊಡೆಯುವುದು. ಅತ್ತಿ, ಹಲಸು, ನಂದಿ, ಮತ್ತಿ ಮೊದಲಾದ ನಾನಾಜಾತಿಯ ನೆರಳನ್ನು ತೆಗೆದು ಸಿಲ್ವರ್ ಓಕ್ ಒಂದನ್ನೇ ನಿಲ್ಲಿಸುವುದು. ನಾನಾಜಾತಿಯ ಬೇರುಗಳು ನಾನಾಜಾತಿಯ ಶಿಲೀಂಧ್ರಗಳನ್ನು ವರ್ಷವಿಡೀ ಸಾಕುವುವು. ಏಕಜಾತಿಯ ನೆರಳಿನಲ್ಲಿ ಆ ಸಂಪತ್ತು ಬಡವಾಗುವುದು.

ಇಂದೋರಿನಲ್ಲಿ ೧೯೨೪ರಿಂದ ೧೯೩೧ರ ವರೆಗೆ ಕೆಲಸಮಾಡಿ ಕಾಂಪೋಸ್ಟು ಗೊಬ್ಬರದ ಕ್ರಮವನ್ನು ರೂಪಿಸಿದ ಆಲ್ಬರ್ಟ್ ಹೋವರ್ಡನು ೧೯೪೦ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಕಳಿತ ಗೊಬ್ಬರಕ್ಕೂ ಗಿಡದ ಆರೋಗ್ಯಕ್ಕೂ ನಡುವಣ ಸೇತುವೆಯು ಬೇರಿನ ಈ ಶಿಲೀಂಧ್ರವೇ ಎಂದು ಪ್ರತಿಪಾದಿಸಿದನು. ಆತನ ವಾದದ ಎಲ್ಲ ಅಂಶಗಳೂ ನಿಂತಿಲ್ಲವಾದರೂ ಕೇಂದ್ರಾಂಶವು ನಿಂತಿದೆ. ಮೂಡಿಗೆರೆಯ ತೋಟದಲ್ಲಿಯೇ ಬಾಳಿದ ಲೇಖಕ ಪೂರ್ಣಚಂದ್ರ ತೇಜಸ್ವಿಯವರು (೧೯೩೮–೨೦೦೭) ಜಪಾನಿನ ಫುಕುವೋಕನ ಸಹಜಕೃಷಿಯನ್ನು ಕನ್ನಡಕ್ಕೆ ಪರಿಚಯ ಮಾಡಿಕೊಟ್ಟುದನ್ನೂ ಇಲ್ಲಿ ಸ್ಮರಿಸಬಹುದು. ಉಳದೆ ಕೆದಕದೆ ಬಿಟ್ಟ ನೆಲದ ಗುಣಕ್ಕೆ ಈ ಎಳೆಗಳ ಜಾಲವೂ ಒಂದು ಕಾರಣ.

೯. ಪರಿಭಾಷೆಯ ಪ್ರಶ್ನೆ

ಈಗ ಹೆಸರಿನ ಪ್ರಶ್ನೆ. 'ಮೈಕೋರೈಜ' ಶಬ್ದವು ವಿದ್ವಜ್ಜನರಿಗೆ ಸಲ್ಲುವುದು. ತೋಟದ ಆಳಿನ ಬಾಯಲ್ಲಿ ಅದು ನಿಲ್ಲದು. ಹಿಂದೀಯ 'ಕವಕಮೂಲ'ವನ್ನು ಅನುಸರಿಸಿ 'ಶಿಲೀಂಧ್ರಮೂಲ' ಎಂದರೆ ಅನರ್ಥ ಪ್ರಾಪ್ತವಾಗುವುದು. ಅದನ್ನು ತತ್ಪುರುಷವಾಗಿ ಬಿಡಿಸಿದರೆ ಶಿಲೀಂಧ್ರದ ಬೇರು ಎಂದಾಗುವುದು. ಶಿಲೀಂಧ್ರಕ್ಕೆ ಬೇರೇ ಇಲ್ಲ. ಬಹುವ್ರೀಹಿಯಾಗಿ ಬಿಡಿಸಿದರೆ ಶಿಲೀಂಧ್ರವೇ ಕಾರಣವಾಗಿ ಉಳ್ಳುದು ಎಂದಾಗಿ, 'ಶಿಲೀಂಧ್ರಮೂಲವಾದ ರೋಗ' ಎಂಬ ಬಳಕೆಯ ಮಾತಿನೊಡನೆ ಬೆರೆತು, ಮಿತ್ರನಿಗೆ ಶತ್ರುವಿನ ಹೆಸರನ್ನೇ ಕಟ್ಟಿದಂತಾಗುವುದು. 'ಬೇರುಮೈತ್ರಿ'ಯು ಕಿವಿಗೆ ಹಿತವಾದರೂ ಕನ್ನಡ ಸಂಸ್ಕೃತಗಳ ಬೆರಕೆಯಾದುದರಿಂದ ಅರಿಸಮಾಸ. 'ಬೇರಣಬೆ'ಯು ಸುಲಭ, ಆದರೆ ವೃಕ್ಷಕದ ಶಿಲೀಂಧ್ರವು ಕೊಡೆಯನ್ನು ಬಿಡುವುದೇ ಇಲ್ಲವಾದುದರಿಂದ ಅಣಬೆಯನ್ನು ಹುಡುಕಿ ಕಾಣದವನು ಹೆಸರೇ ಸುಳ್ಳೆಂದಾನು.

ಬೇರು, ನಂಟು ಎರಡೂ ದೇಶ್ಯಪದಗಳು. 'ಬೇರ್ನಂಟು' ಎಂದು ಸಮಾಸ ಮಾಡಿದರೆ ವ್ಯಾಕರಣದೋಷವಿಲ್ಲ, ಅರ್ಥವೂ ಸ್ಪಷ್ಟ, ಫ್ರಾಂಕನು ಉದ್ದೇಶಿಸಿದುದು ಒಂದು ಜೀವಿಯನ್ನಲ್ಲ, ಎರಡು ಜೀವಿಗಳ ಸಂಬಂಧವನ್ನು ಎಂಬುದಕ್ಕೂ ಹೊಂದುವುದು. ಜೀವಿಯನ್ನು ಹೇಳಬೇಕಾದಲ್ಲಿ 'ಬೇರ್ನಂಟಿನ ಶಿಲೀಂಧ್ರ'ವೆಂದೂ, ಟ್ರೈಕೋಡರ್ಮವೇ ಮುಂತಾದವನ್ನು 'ಕಾವಲು ಶಿಲೀಂಧ್ರ'ವೆಂದೂ ಬೇರ್ಪಡಿಸಿ ಹೇಳಿದರೆ, ಒಂದರ ಬದಲು ಇನ್ನೊಂದನ್ನು ಕೊಳ್ಳುವ ಭ್ರಮೆಯೂ ತಪ್ಪುವುದು. ಈ ಭ್ರಮೆಯು ಅಲ್ಪವಲ್ಲ. ಒಂದನ್ನು ಗೊಬ್ಬರದ ನಿಯಂತ್ರಣಾದೇಶದ ಅಡಿಯಲ್ಲಿ, ಮತ್ತೊಂದನ್ನು ೧೯೬೮ರ ಕೀಟನಾಶಕ ಶಾಸನದ ಅಡಿಯಲ್ಲಿ ಮಾರುವರು. ಕೊಳ್ಳುವವನಿಗೆ ಮಾತ್ರ ಎರಡೂ 'ಫಂಗಸ್ ಪುಡಿ'.

೧೦. ಉಪಸಂಹಾರ

ಮೊದಲು ಎತ್ತಿದ ಪ್ರಶ್ನೆಗೆ ಉತ್ತರವು ಇದರಿಂದ ಫಲಿತವಾಗುವುದು. ಮುಂಗಾರಿನ ತೋಟದಲ್ಲಿ ಕೊಲ್ಲುವ ಕೈಗೂ ಸಾಕುವ ಕೈಗೂ ವಿರೋಧವಿರುವುದು ಬಹಳಮಟ್ಟಿಗೆ ಶಬ್ದದಲ್ಲಿ. ಎಲೆಯ ಮೇಲಿನದು ಒಂದು, ಬೇರಿನೊಳಗಿನದು ಒಂದು, ಬುಡದ ಗೊಬ್ಬರದಲ್ಲಿರುವುದು ಮತ್ತೊಂದು. ಮೂರಕ್ಕೂ ಒಂದೇ ಹೆಸರಿರುವ ತನಕ ಒಂದಕ್ಕೆ ಎತ್ತಿದ ಕೈ ಮೂರಕ್ಕೂ ತಗಲುವುದು. 'ಶಿಲೀಂಧ್ರನಾಶಕ' ಎಂದು ಡಬ್ಬಿಯ ಮೇಲೆ ಅಚ್ಚಾದ ಶಬ್ದದಲ್ಲಿ ಯಾವ ಶಿಲೀಂಧ್ರವೆಂಬ ವಿಶೇಷಣವಿಲ್ಲ. ಡಬ್ಬಿಯೊಳಗಿನ ಮದ್ದಿಗೂ ಆ ವಿವೇಕವಿಲ್ಲ. ಆ ವಿವೇಕವು ಬಳಸುವವನಲ್ಲಿ ಇರಬೇಕಾದರೆ ಅವನ ಭಾಷೆಯಲ್ಲಿ ಮೊದಲು ಇರಬೇಕು.

ಕೊಳೆರೋಗವೆಂಬ ಹೆಸರನ್ನು ಲೋಕಕ್ಕೆ ಕೊಟ್ಟ ಭಾಷೆಯು ಬೇರಿನ ನಂಟಿಗೂ ಒಂದು ಹೆಸರನ್ನು ಕೊಡಲು ಅಸಮರ್ಥವಲ್ಲ. ಶಾಲೆಗಳಲ್ಲಿ ಮೇಘದೂತವನ್ನು ಪಾಠ ಹೇಳುವ ಉಪಾಧ್ಯಾಯರು ಶಿಲೀಂಧ್ರದ ಪದ್ಯಕ್ಕೆ ಬಂದಾಗ, ಮಲ್ಲಿನಾಥನ ಅರ್ಥವನ್ನು ಹೇಳಿದ ಬಳಿಕ, ತೋಟದ ಒಂದು ಬುಟ್ಟಿಯ ಸಸಿಯನ್ನು ತರಿಸಿ ಅದರ ಬೇರಿಗಂಟಿದ ಕಾಡುಮಣ್ಣನ್ನು ಹುಡುಗರಿಗೆ ತೋರಿಸಿದರೆ, ಭೂಮಿಯ ಬಂಜೆತನವು ಯಾವುದರಿಂದ ನೀಗುವುದೆಂಬುದು ಅವರಿಗೆ ಎರಡು ಬಗೆಯಲ್ಲಿಯೂ ಮನದಟ್ಟಾಗುವುದು.